ದೋಣಿಯ ಇನ್ನೊಂದು ತುದಿ

ಭಾನುವಾರ, ಕಾಫಿಗೂ ಮುಂಚೆ

ಮುದ್ದಿನ ಸೊಸೆಗೆ,

ಹೇಗಿದ್ದೀಯ? ನನ್ನ ಮಗರಾಯನ ನೆಗಡಿ ಇಳಿಯಿತೇ? ನಮ್ಮ ಡುಮ್ಮಣ್ಣ ರಾತ್ರಿ ಮಲಗುತ್ತಾನೋ, ನಿಮ್ಮಿಬ್ಬರನ್ನೂ ಕುಣಿಸುತ್ತಾನೋ? ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಸಮಾಚಾರ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಹೇಳಿಬಿಡುತ್ತೇನೆ: ‘ದೋಣಿಹೊತ್ತ’ ಎಂಬ ನಮ್ಮ ಮನೆತನದ ಹೆಸರಿನ ಮೂಲ ಸಿಕ್ಕಿತು!

ಡುಮ್ಮಣ್ಣನನ್ನು ನೀವು ದತ್ತು ತಂದ ದಿನ ನಿನ್ನ ಮಾವ, “ಮಗು ನಮ್ಮದೇ, ಮನೆತನದ ಹೆಸರು ಮಾತ್ರ ರಕ್ತಕ್ಕೆ ಸೇರಿದ್ದು” ಎಂದದ್ದು, ನೀನು ಮಗುವಿನ ಜನನಪತ್ರದ ಅರ್ಜಿಯಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟದ್ದು, ನನಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ನಿನ್ನ ಮಾವನ ಮುತ್ತಜ್ಜ ಒಬ್ಬನೇ ದೋಣಿ ಹೊತ್ತು ನಡೆದನಂತೆ, ಆ ಕಸುವು ವಂಶದ ಮೂಳೆಯಲ್ಲೇ ಇದೆಯಂತೆ. ಬಾಟಲಿಯ ಮುಚ್ಚಳ ತಿರುಗಿಸಲು ಮಾತ್ರ ನಾನೇ ಬೇಕು.

ಮೊನ್ನೆ ನದಿಯಾಚೆ ದೋಣಿ ರಿಪೇರಿ ಅಂಗಡಿಯ ಬೋರ್ಡಿನಲ್ಲಿ ನಮ್ಮದೇ ಹೆಸರು ಕಂಡೆವು. ಜಗತ್ತಿನಲ್ಲಿ ನಾವಷ್ಟೇ ಅಂದುಕೊಂಡಿದ್ದೆವಲ್ಲ! “ನೋಡೇ, ನಮ್ಮ ರಕ್ತ!” ಎಂದು ಮಾವ ಒಳಗೆ ನುಗ್ಗಿದರು. ಅಂಗಡಿಯವಳು ಗಟ್ಟಿಗಿತ್ತಿ, ಮೊಣಕೈವರೆಗೂ ಡಾಂಬರು. ಮುತ್ತಜ್ಜನ ಕಥೆ ಕೇಳಿ ನಕ್ಕೇ ನಕ್ಕಳು. “ಒಬ್ನೇನಾ? ಯಜಮಾನ್ರೇ, ಆ ಚಿಕ್ಕ ದೋಣಿನಾದ್ರೂ ಎತ್ತಿ ನೋಡೋಣ!” ಮಾವ ಅಂಗಿಯ ತೋಳು ಮಡಚಿದರು. ಒಂದು ತುದಿ ಎದ್ದಿತು, ಇನ್ನೊಂದು ನೆಲ ಬಿಡಲೇ ಇಲ್ಲ. ಮುಖ ಟೊಮೇಟೊ. “ಆ ಕಡೆ ಹಿಡಿಯೋಕೆ ಒಬ್ರು ಬೇಕು ಅಜ್ಜಾ. ಅವತ್ತು ಹಿಡಿದಿದ್ದು ನಮ್ಮ ಮನೆಯೋನು” ಎಂದಳು.

ಅವಳ ಮನೆಯಲ್ಲಿ ಹೇಳಿಕೊಂಡು ಬಂದದ್ದು ಹೀಗೆ. ಒಂದು ಮಳೆಗಾಲ ನದಿ ಹಾದಿ ಬದಲಿಸಿತು. ದೋಣಿ ಒಣಮರಳಲ್ಲಿ ಉಳಿಯಿತು, ನೀರು ಬಹುದೂರ. ಆಚೆ ದಡದಲ್ಲಿ ಜನ ಸಿಕ್ಕಿಬಿದ್ದಿದ್ದರು. ನಮ್ಮ ಮುತ್ತಜ್ಜ ಅಂಬಿಗ. ಅವಳ ಮುತ್ತಜ್ಜ ಕೆಲಸ ಹುಡುಕುತ್ತ ಎಲ್ಲಿಂದಲೋ ಬಂದ ಬಡಗಿ. ನೆಂಟರಲ್ಲ, ಒಂದೂರಿನವರೂ ಅಲ್ಲ. ಇಬ್ಬರೂ ಸೇರಿ ದೋಣಿಯನ್ನು ನೀರಿನವರೆಗೂ ಹೊತ್ತರು. ದಾಟಿ ಬಂದ ಜನ ಎರಡೂ ಮನೆಗೆ ಒಂದೇ ಹೆಸರಿಟ್ಟರು. ಅಂದರೆ ಈ ಹೆಸರು ಹುಟ್ಟಿದ ದಿನವೇ ರಕ್ತ ಬೇರೆ ಬೇರೆ ಕಣೇ!

ಮನೆ ಮುಟ್ಟುವವರೆಗೂ ನಾನು ಮಾವನನ್ನು ಚುಚ್ಚಲಿಲ್ಲ, ಬಸ್ಸಿನಲ್ಲಿ ಒಂದೇ ಒಂದು ಸಲ ಬಿಟ್ಟು.

ಅರ್ಜಿ ಇನ್ನೂ ಕೊಟ್ಟಿಲ್ಲ ತಾನೇ? ಈ ಕಾಗದ ಕೈಸೇರಿದ ಕೂಡಲೇ ಎರಡು ಸಾಲಾದರೂ ಬರೆ.

ತಡೆಯಲಾರದ ಸಂತೋಷದಲ್ಲಿ,
ನಿನ್ನ ಅತ್ತೆ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಮೇಜಿನ ಮೇಲೆ ನಿನ್ನೆಯ ಪೇಪರು ಕಣ್ಣಿಗೆ ಬಿತ್ತು. ಅಂಚಿನ ತುಂಬಾ ನಿನ್ನ ಮಾವನ ಕೈಬರಹ: ‘ಡುಮ್ಮಣ್ಣ ದೋಣಿಹೊತ್ತ, ಡುಮ್ಮಣ್ಣ ದೋಣಿಹೊತ್ತ.’ ಏನಿದು ಎಂದರೆ, ಪೆನ್ನು ಬರೆಯುತ್ತದೋ ಇಲ್ಲವೋ ನೋಡುತ್ತಿದ್ದರಂತೆ.