ಎಂಟನೆಯ ಜಾಗ

ಮೇ 4, ಮಧ್ಯಾಹ್ನ
ಮುಚ್ಚು ಪುಸ್ತಕ. ಯಾರೇ ಆಗಿರು, ಕಂಡವರ ದಿಂಬಿನ ಚೀಲಕ್ಕೆ ಕೈ ಹಾಕುವ ಆ ಬೆರಳಿಗೆ ಹುಳ ಬೀಳಲಿ. ನಾಲ್ಕನೇ ಕ್ಲಾಸು ಓದಿದ ಮುದುಕಿ ಏನು ಗೀಚಿದ್ದಾಳೋ ಎಂಬ ಚಪಲವೇ?

ಇವತ್ತು ಶನಿವಾರ. ಸಂಜೆ ಟ್ಯಾಬಿನಲ್ಲಿ ಆನ್‌ಲೈನ್ ಆಟ. ಟ್ಯಾಬು ಮೊಮ್ಮಗಳು ಬಿಸಾಡಿದ್ದು. ಆಟದ ಕಥೆ ಮುಗಿದು ವರ್ಷವಾಯಿತು. ಲೆವೆಲ್ ಅರವತ್ತು, ಅದರ ಮೇಲೆ ಮೆಟ್ಟಿಲಿಲ್ಲ. ಈಗ ವಾರವಾರ ಅದೇ ಕೋಟೆ, ಅದೇ ರಾಕ್ಷಸ. ಗೆದ್ದರೆ ಕವಚ ಒಂದಿಷ್ಟು ಗಟ್ಟಿಯಾಗುತ್ತದೆ. ಮೂರು ತಿಂಗಳಿಗೆ ಸೀಸನ್ ಮುಗಿದು ಆ ಕವಚವೂ ಗುಜರಿ, ಮತ್ತೆ ಮೊದಲಿನಿಂದ. ಎಳೆಯರು ಬೇಸತ್ತು ಬಿಡುತ್ತಾರೆ. ನನಗೇನು? ತೊಳೆದ ಪಾತ್ರೆಯನ್ನೇ ಜೀವಮಾನವಿಡೀ ತೊಳೆದವಳು. ಇಲ್ಲಿ ಏಳು ಜನ ಥ್ಯಾಂಕ್ಸ್ ಅನ್ನುತ್ತಾರೆ...

ಗುಂಪಿನಲ್ಲಿ ಎಂಟು ಜನ. ಉಳಿದವರ ಗಾಯ ಮಾಯಿಸುವುದು ನನ್ನ ಕೆಲಸ — ಹೀಲ್ ಅನ್ನುತ್ತಾರೆ. ಆಟದಲ್ಲಿ ನನ್ನ ಹೆಸರು ಒರಳುಕಲ್ಲು. ಮೈಕ್ ಕೆಟ್ಟಿದೆ ಎಂದು ಬರೆದುಕೊಂಡು ಬಾಯಿ ಮುಚ್ಚಿಕೊಂಡಿರುತ್ತೇನೆ. ಈ ಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಾಯಕಿ ರಾಣಿಜೇನು. ಅವಳ ಹುಕುಂ ಮೊದಲು ಗೋಡೆಯಾಚೆಯಿಂದ ಕೇಳಿಸುತ್ತದೆ, ಆಮೇಲೆ ಇಯರ್‌ಫೋನಿನಲ್ಲಿ. ನನ್ನ ಸೊಸೆ. ಒರಳುಕಲ್ಲು ಯಾರೆಂದು ಅವಳಿಗೆ ಗೊತ್ತಿಲ್ಲ.

ಮೇ 11, ಸಂಜೆ
ಗುಂಪಿನಲ್ಲಿ ದರ್ಜಿ ಅಂತ ಒಬ್ಬ. ನಿಜಕ್ಕೂ ದರ್ಜಿಯೇ, ಅಂಗಡಿ ಮುಚ್ಚಿದ ಮೇಲೆ ಆಟಕ್ಕೆ ಬಂದವನು. ಕೈ ನಡುಗುತ್ತದೆ. ಇವತ್ತೂ ತಪ್ಪಿ ಬೆಂಕಿಗೆ ಕಾಲಿಟ್ಟ. ಎಂಟೂ ಜನ ಸತ್ತೆವು.

"ಅಂಕಲ್, ಬೇಜಾರು ಮಾಡ್ಕೋಬೇಡಿ. ಕೊನೇ ಹಂತ ಇದು, ಕೈಲಾಗೋರು ಬೇಕು," ಎಂದಳು ರಾಣಿಜೇನು.

"ಶನಿವಾರ ಬಿಟ್ರೆ ನಂಗೆ ಬೇರೇನಿಲ್ಲಮ್ಮ. ಮೂಲೇಲಿ ನಿಂತ್ಕೋತೀನಿ."

"ಮೂಲೇಲಿ ನಿಂತ್ರೂ ಒಂದ್ ಜಾಗ ಹೋಗುತ್ತಲ್ಲ ಅಂಕಲ್."

ಅವನನ್ನು ತೆಗೆಯಲು ಒಪ್ಪಿಗೆ ಇದ್ದವರು ಗುಂಡಿ ಒತ್ತಿ ಎಂದಳು. ಮೊದಲು ಒತ್ತಿದ್ದು ನಾನೇ. ಅವನ ಗಾಯ ಮಾಯಿಸಿ ಮಾಯಿಸಿ ಸಾಕಾಗಿತ್ತು. ಅವನ ಹೆಸರು ಬೂದಿ ಬಣ್ಣಕ್ಕೆ ತಿರುಗಿತು. ಅರ್ಧ ಗಂಟೆಯಲ್ಲಿ ಹೊಸಬ ಬಂದ.

ಮೇ 23
ಅಡುಗೆಮನೆಯಲ್ಲಿ ಗುಸುಗುಸು.

"ವೃದ್ಧಾಶ್ರಮದೋರು ಫೋನ್ ಮಾಡಿದ್ರು. ಒಂದನೇ ತಾರೀಕಿಗೆ ಬೆಡ್ ಖಾಲಿ ಆಗುತ್ತಂತೆ," ಸೊಸೆ.

"ಅಮ್ಮ ಯಾರಿಗೇನು ಅಡ್ಡ? ತನ್ ಪಾಡಿಗೆ ಮೂಲೇಲಿ ಇರ್ತಾಳೆ," ಮಗ.

"ಆ ಮೂಲೆನೂ ಒಂದ್ ರೂಮೇ ಅಲ್ವೇನ್ರಿ?"

ಆಮೇಲೆ ಮಗ ಟೀ ಹೀರಿದ ಸದ್ದು ಮಾತ್ರ.

ಅಲ್ಲಿ ಫೋನು, ಟ್ಯಾಬು ಎಲ್ಲ ಆಫೀಸಿಗೆ ಒಪ್ಪಿಸಬೇಕಂತೆ.

ಸಂಜೆ ಒರಳುಕಲ್ಲಿಗೆ ರಾಣಿಜೇನಿನ ಮೆಸೇಜು: 'ಮುಂದಿನ ಸೀಸನ್‌ಗೂ ಇರ್ತೀರಲ್ವಾ? ನೀವಿಲ್ದೆ ನಮ್ ಕೈಲಿ ಆಗಲ್ಲ, ಪ್ಲೀಸ್.' ಅತ್ತೆಗೆ ಒಂದು ದಿನವೂ ಬಾರದ ಪ್ಲೀಸು.

ಟ್ಯಾಬು ದಿಂಬಿನಡಿಗೆ ತೂರಿಸಿದೆ.

ಮೇ 25, ಸಂಜೆ
ಸೀಸನ್ನಿನ ಕೊನೆಯ ಶನಿವಾರ. ರಾಕ್ಷಸನಿಗೆ ಉಗುರಿನಷ್ಟು ಜೀವ ಉಳಿದಿತ್ತು. ರಾಣಿಜೇನಿಗೂ ಅಷ್ಟೇ.

"ಒರಳು, ಹೀಲ್ ಕೊಡಿ. ಹೀಲ್, ಹೀಲ್..." ಗೋಡೆಯಾಚೆ ಒಮ್ಮೆ, ಕಿವಿಯೊಳಗೆ ಒಮ್ಮೆ.

ಬೆರಳು ಗುಂಡಿಯ ಮೇಲೆಯೇ ಇತ್ತು. ತೆಗೆದೆ. ಟ್ಯಾಬು ಮಗುಚಿಟ್ಟು ನಿಧಾನಕ್ಕೆ ಕನ್ನಡಕ ಒರೆಸಿಕೊಂಡೆ.

ಎಂಟು ಜನರ ಮೂರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗೋಡೆಯಾಚೆ ಬಿಕ್ಕಿಬಿಕ್ಕಿ ಅಳು. ಮಾವ ಸತ್ತಾಗ ಇಷ್ಟು ಅತ್ತಿರಲಿಲ್ಲ.

ಮೇ 26, ಬೆಳಿಗ್ಗೆ
ಮತ್ತೆ ಮೆಸೇಜು: 'ನನ್ ಮೇಲೆ ಕೋಪಾನಾ? ಏನ್ ಬೇಕಾದ್ರೂ ಕೇಳಿ. ಬಿಟ್ಟು ಮಾತ್ರ ಹೋಗ್ಬೇಡಿ.'

ಕೇಳುತ್ತೇನೆ. ಪುಸ್ತಕ ಇವತ್ತು ದಿಂಬಿನ ಚೀಲದಲ್ಲಿಲ್ಲ, ನಿನ್ನ ಚಾರ್ಜರ್ ಪಕ್ಕದಲ್ಲಿದೆ. ಓದು ಸೊಸೆಮುದ್ದೇ, ಮೊದಲಿನಿಂದ ಓದು. ಹುಳದ ಶಾಪ ನಿನಗೊಬ್ಬಳಿಗೆ ಮಾಫಿ.

ಆ ಬೆಡ್ ಬೇಡವೆಂದು ಹೇಳು. ನನ್ನ ಕೋಣೆ ನನಗಿರಲಿ, ನಿನ್ನ ಎಂಟನೆಯ ಜಾಗ ತುಂಬಿರುತ್ತದೆ. ಕೋಣೆ ಖಾಲಿಯಾದರೆ ಅದೂ ಖಾಲಿ. ದರ್ಜಿಯನ್ನು ವಾಪಸು ಕರೆ ಎನ್ನುತ್ತಿಲ್ಲ. ಅವನ ಕೈ ಇನ್ನೂ ನಡುಗುತ್ತಿರುತ್ತದೆ. ನನ್ನದು ನಡುಗುವುದಿಲ್ಲ, ನಿನ್ನೆ ನೋಡಿದೆಯಲ್ಲ.

ಅತ್ತೆಗೆ ಬರೆಯಲು ಕೈ ಬಾರದಿದ್ದರೆ ಒರಳುಕಲ್ಲಿಗೇ ಬರೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು. ಹೂಂ ಅನ್ನು, ಇಲ್ಲವೇ —