ಅಳಿಸುವ ಕೆಲಸ

ಕೆಸೋನ್ ಸಿಟಿ,
೧೪ ಜೂನ್ ೨೦೧೭

ಪ್ರೀತಿಯ ಅಮಿಹಾನ್,

ನೀನು, ನಿನ್ನ ಗಂಡ, ಮಗು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಈಸ್ಟರ್ ಕಾರ್ಡು ಬಂದು ಎರಡು ತಿಂಗಳ ಮೇಲಾಯಿತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟು ದಿನವೂ ನೋಡುತ್ತಿದ್ದೆ, ಬರೆಯಲು ಮಾತ್ರ ಕೂರುತ್ತಿರಲಿಲ್ಲ. ಕೆಲಸದ ನೆಪ ಹೇಳುವಂತೆಯೂ ಇಲ್ಲ, ಈಗ ಕೆಲಸವಿಲ್ಲ. ತಡವಾದದ್ದಕ್ಕೆ ಕ್ಷಮಿಸು.

ನೀನು ಬರೆದದ್ದು ಎರಡೇ ಸಾಲು. ‘ಹಬ್ಬದ ಶುಭಾಶಯ. ಧಾರಾವಾಹಿಯ ಕೊನೆಯಲ್ಲಿ ನಿನ್ನ ಹೆಸರು ಬರುತ್ತಿಲ್ಲ, ಹುಷಾರಾಗಿದ್ದೀಯಾ?’ ದಾವಾವೊದಲ್ಲಿ ಕೂತು ನೀನು ನನ್ನ ಧಾರಾವಾಹಿ ನೋಡುತ್ತೀ, ಅದೂ ಹೆಸರುಗಳು ಓಡಿ ಮುಗಿಯುವ ತನಕ ನೋಡುತ್ತೀ ಎನ್ನುವುದು ನನಗೆ ಗೊತ್ತಿರಲಿಲ್ಲ. ಹುಷಾರಾಗಿದ್ದೇನೆ. ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಗಿದೆ, ಅಷ್ಟೇ. ನಿನ್ನ ಲೂಡಿಂಗ್ ಅತ್ತೆ ಮಾರ್ಚಿನಿಂದ ನನ್ನ ಜೊತೆಗೇ ಇದ್ದಾಳೆ. ಅವಳ ಮಂಡಿನೋವು ಹಾಗೇ ಇದೆ. ಬೆಳಿಗ್ಗೆ ಆರಕ್ಕೆಲ್ಲ ಒಣಮೀನು ಹುರಿದು ಪಕ್ಕದ ಮನೆಯವರಿಂದ ಮಾತು ಕೇಳಿಸಿಕೊಳ್ಳುತ್ತಾಳೆ. ‘ಅವರು ತಿನ್ನೋದಿಲ್ವಂತಾ? ಮೂಗು ಮಾತ್ರ ಅಮೆರಿಕಾದ್ದಾ?’ ಎಂದು ಗೋಡೆಗೆ ಕೇಳಿಸುವ ಹಾಗೆ ಹೇಳುತ್ತಾಳೆ. ಮನೆಯಲ್ಲಿ ಒಂದು ದನಿ ಇದ್ದರೆ ಒಳ್ಳೆಯದೇ.

ನನ್ನನ್ನು ಧಾರಾವಾಹಿಯ ನಿರ್ದೇಶನದಿಂದ ತೆಗೆದರು. ‘ವಿಶ್ರಾಂತಿ’ ಎಂದು ಹೇಳಿ ದೊಡ್ಡದೊಂದು ಹಣ್ಣಿನ ಬುಟ್ಟಿ ಕಳಿಸಿದರು. ಅತ್ತೆ ದ್ರಾಕ್ಷಿಯನ್ನೆಲ್ಲ ತಿಂದು, ‘ಅತ್ತಿಗೆ, ನಿನಗೆ ಬೇಜಾರಿಲ್ವಾ?’ ಎಂದು ಕೇಳಿದಳು. ಒಳಗೆ ಹುಡುಕಿ ನೋಡಿದೆ. ಏನೂ ಸಿಗಲಿಲ್ಲ. ಆದರೂ ನಡೆದದ್ದನ್ನು ನಿನಗೆ ಹೇಳಬೇಕು, ಏಕೆಂದರೆ ಅದರಲ್ಲಿ ನೀನೂ ಇದ್ದೀ.

ಫೆಬ್ರವರಿಯ ಕೊನೆಯಲ್ಲಿ ಮರಿಕೀನಾದ ಒಂದು ಹಳೆಯ ಮನೆಯಲ್ಲಿ ಚಿತ್ರೀಕರಣವಿತ್ತು. ಲೆಂಗ್‌ಲೆಂಗ್ ಎಂಬ ಆರು ವರ್ಷದ ಹುಡುಗಿ ನಾಯಕಿಯ ಮಗಳ ಪಾತ್ರ ಮಾಡುತ್ತಿದ್ದಳು. ಅಂದಿನ ದೃಶ್ಯದಲ್ಲಿ ಅವಳು ತಾಯಿಯ ಶವಪೆಟ್ಟಿಗೆಯ ಮುಂದೆ ಅಳಬೇಕು. ಮಗು ಜಾಣೆ, ಮಾತೆಲ್ಲ ಬಾಯಿಪಾಠ, ಆದರೆ ಅಳು ಬರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿದ್ದ ನಟಿಗೆ ಸೀನು ಬಂದರೆ ತಾನು ಕಿಸಕ್ಕನೆ ನಗುತ್ತಿದ್ದಳು. ಆರು ಸಲ ತೆಗೆದೆವು. ಅವಳನ್ನು ಕರೆತಂದಿದ್ದ ಅಜ್ಜಿ, ಪಾಸಿಂಗಮ್ಮ, ಬೀಸಣಿಗೆ ಹಾಕಿಕೊಳ್ಳುತ್ತಾ ನನ್ನ ಕುರ್ಚಿಯ ಹತ್ತಿರ ಬಂದಳು.

‘ದಿರೆಕ್, ಯಾಕೆ ಇಷ್ಟು ಒದ್ದಾಡ್ತೀರಿ? ಇವಳಮ್ಮ ಕುವೈತಲ್ಲಿ ಮನೆಕೆಲಸಕ್ಕಿದಾಳೆ. ಇನ್ನು ಬರೋದಿಲ್ವಂತೆ ಅಂತ ಒಂದು ಮಾತು ಅನ್ನಿ. ನಲ್ಲಿ ತಿರುಗಿಸಿದ ಹಾಗೆ ಬರುತ್ತೆ.’

ಮುದುಕಿ ನನ್ನ ತೋಳು ತಟ್ಟಿ, ‘ನಿಮ್ಮ ಮಗಳಿಗೂ ಹೀಗೇ ಮಾಡಿದ್ರಂತಲ್ಲ. ಎಲ್ಲರಿಗೂ ಗೊತ್ತಿರೋದೇ. ಎಷ್ಟು ಚೆನ್ನಾಗಿ ಅತ್ತಿತ್ತು ಆ ಮಗು,’ ಎಂದಳು.

ಇಪ್ಪತ್ಮೂರು ವರ್ಷ ಅದು ಹೊರಗಿನ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ, ಅಮಿಹಾನ್. ಪತ್ರಿಕೆಯವರು ಕೇಳಿದಾಗಲೆಲ್ಲ ‘ಸತ್ತ ನಾಯಿಮರಿಯನ್ನು ನೆನಪಿಸಿಕೋ ಅಂದೆ’ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ನಾಯಿಮರಿಯೇ ಇರಲಿಲ್ಲ.

ನನ್ನ ಬಾಯಿಂದ ನಿನಗೆ ಇದನ್ನು ಎಂದೂ ಹೇಳಿಲ್ಲ. ನಿನಗಾಗ ಏಳು ವರ್ಷ, ನಿನ್ನ ನೆನಪು ಬೇರೆ ಇರಬಹುದು. ನನ್ನ ನೆನಪಿನಲ್ಲಿರುವುದನ್ನು ಬರೆಯುತ್ತೇನೆ.

ನಾನು ಈ ಕಸುಬಿಗೆ ಬಂದದ್ದು ಯಾರ ಕೈಯಲ್ಲಿ ಲೋಟವಿತ್ತು, ಯಾರ ಗುಂಡಿ ಬಿಚ್ಚಿತ್ತು ಎಂದು ದೃಶ್ಯದಿಂದ ದೃಶ್ಯಕ್ಕೆ ಬರೆದಿಡುವ ಹುಡುಗಿಯಾಗಿ. ಎಂಟು ವರ್ಷ ಹಾಗೆ ಬರೆದ ಮೇಲೆ ಒಂದು ಸಿನಿಮಾ ಸಿಕ್ಕಿತು. ನವೋತಾಸ್‌ನಲ್ಲಿ ಮೀನಿನ ಬಲೆ ಹೊಲಿಯುವ ಹೆಂಗಸರ ಕತೆ. ಐದು ದಿನ ಓಡಿತು. ‘ಫೆಲಿ, ಜನ ದುಡ್ಡು ಕೊಟ್ಟು ಬಲೆ ನೋಡ್ತಾರಾ?’ ಎಂದು ನಿರ್ಮಾಪಕ ನಕ್ಕ. ಆಮೇಲೆ ಸಿನಿಮಾ ಯಾರೂ ಕೊಡಲಿಲ್ಲ, ಟೀವಿಗೆ ಬಂದೆ. ಹೆಂಗಸಿನ ಕೈಗೆ ಸಂಜೆಯ ಧಾರಾವಾಹಿ ಕೊಡಲು ಹೆದರುತ್ತಿದ್ದ ಕಾಲ ಅದು. ನಾನು ಗಟ್ಟಿಯಾಗಿ ಕೂಗುವುದನ್ನು ಕಲಿತೆ. ಸೆಟ್ಟಿನಲ್ಲಿ ಎಲ್ಲರೂ ನಿರ್ದೇಶಕಿಗೆ ‘ದಿರೆಕ್’ ಎನ್ನುವುದನ್ನು ಕೇಳಿ ನೀನೂ ಮೂರು ವರ್ಷದವಳಿದ್ದಾಗ ‘ದಿರೆಕ್, ಹಸಿವು’ ಎನ್ನುತ್ತಿದ್ದೆ. ನಿನ್ನಪ್ಪ ಹಡಗಿನಲ್ಲಿ ಒಂಬತ್ತು ತಿಂಗಳು, ಮನೆಯಲ್ಲಿ ಎರಡು ತಿಂಗಳು. ನಿನ್ನನ್ನು ಬಿಟ್ಟುಹೋಗಲು ಯಾರೂ ಇಲ್ಲದೆ ಸೆಟ್ಟಿಗೇ ಕರೆದೊಯ್ಯುತ್ತಿದ್ದೆ.

ತೊಂಬತ್ತನಾಲ್ಕರ ಆ ದಿನ ಮಗುವಿನ ಪಾತ್ರದವಳಿಗೆ ಸೀತಾಳೆ ಸಿಡುಬು ಬಂತು. ಪ್ರಸಾರ ಮರುದಿನವೇ. ನಿನಗೆ ಅವಳ ಫ್ರಾಕು ಹಾಕಿ ಬಂದರಿನ ಗೇಟಿನ ಮುಂದೆ ನಿಲ್ಲಿಸಿದೆ. ಅಪ್ಪನಿಗಾಗಿ ಕಾಯುವ ಮಗುವಿಗೆ ಅಪ್ಪ ಬರುವುದಿಲ್ಲವೆಂದು ತಿಳಿಯುವ ದೃಶ್ಯ. ನಿನ್ನ ಮುಂದಿನ ಹಲ್ಲೆರಡೂ ಬಿದ್ದಿದ್ದವು, ಕ್ಯಾಮೆರಾದ ಇಸ್ಕೊ ಮಾಮನನ್ನು ನೋಡಿ ನೋಡಿ ನಗುತ್ತಿದ್ದೆ. ಬೆಳಕು ಹೋಗುತ್ತಿತ್ತು. ನಾನು ಇಸ್ಕೊನಿಗೆ, ‘ಕೈ ಎತ್ತಿದ ತಕ್ಷಣ ಶುರು ಮಾಡು, ನಿಲ್ಲಿಸಬೇಡ,’ ಎಂದು ಹೇಳಿ ನಿನ್ನ ಹತ್ತಿರ ಬಂದೆ. ಮಂಡಿಯೂರಿ ಕೂತು ನಿನ್ನ ಕಾಲರು ಸರಿಮಾಡಿದೆ.

‘ಅಪ್ಪನ ಹಡಗು ಮುಳುಗಿಹೋಯ್ತಂತೆ ಮರಿ. ಬೆಳಿಗ್ಗೆ ಫೋನ್ ಬಂತು,’ ಎಂದೆ. ಕೈ ಎತ್ತಿ ಪಕ್ಕಕ್ಕೆ ಸರಿದೆ.

ನೀನು ಕಿರುಚಲಿಲ್ಲ. ನಾನಿದ್ದ ಕಡೆಗೇ ನೋಡುತ್ತಿದ್ದು, ‘ನೀರು ತಣ್ಣಗಿತ್ತಾ?’ ಎಂದು ಕೇಳಿದೆ. ಆಮೇಲೆ ಕಣ್ಣು ತುಂಬಿತು.

ಆ ಮಾತು ಹಾಗೆಯೇ ಪ್ರಸಾರವಾಯಿತು. ದೇಶವೆಲ್ಲ ಅದನ್ನೇ ಆಡಿಕೊಂಡಿತು. ಜೀಪ್ನಿ ಓಡಿಸುವವರು ಕೂಡ ನನ್ನ ಗುರುತು ಹಿಡಿದು ಹೇಳುತ್ತಿದ್ದರು. ಕತೆಗಾರನಿಗೆ ಸಂಭಾಷಣೆಯ ಬಹುಮಾನ ಬಂತು, ಅವನು ಬೇಡವೆನ್ನಲಿಲ್ಲ. ಮುಂದಿನ ಇಪ್ಪತ್ತು ವರ್ಷ ನನಗೆ ಕೆಲಸಕ್ಕೆ ಕೊರತೆಯಾಗಲಿಲ್ಲ. ‘ಅಳಿಸಬೇಕಾ, ಫೆಲಿಯನ್ನ ಕರೀರಿ’ ಎನ್ನುತ್ತಿದ್ದರು.

ಇನ್ನೊಂದನ್ನು ಬರೆಯಬೇಕು. ‘ಕಟ್’ ಎಂದ ಮೇಲೆ ನಾನು ನಿನಗೆ ತಕ್ಷಣ ನಿಜ ಹೇಳಲಿಲ್ಲ. ಮುಖದ ಹತ್ತಿರದ ಒಂದು ಶಾಟ್ ಬೇಕಿತ್ತು. ಕ್ಯಾಮೆರಾ ಜಾಗ ಬದಲಿಸಿ, ದೀಪ ಇಟ್ಟು, ಅದನ್ನು ತೆಗೆದು ಮುಗಿಸಲು ಹದಿನೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತು ನೀನು ಗೇಟು ಹಿಡಿದು ನಿಂತಿದ್ದೆ. ಇಸ್ಕೊ, ‘ಸಾಕು ಬಿಡಿ ದಿರೆಕ್, ಹೇಳ್ಬಿಡಿ ಮಗೂಗೆ,’ ಎಂದ. ‘ಒಂದೇ ಒಂದು,’ ಎಂದೆ.

ಐದು ದಿನದ ಮೇಲೆ ರಾಟರ್‌ಡ್ಯಾಮಿನಿಂದ ನಿನ್ನಪ್ಪ ಫೋನು ಮಾಡಿದರು. ನೀನು ರಿಸೀವರು ಕಿವಿಗಿಟ್ಟುಕೊಂಡು ಒಂದು ಮಾತೂ ಆಡಲಿಲ್ಲ. ಡಿಸೆಂಬರಿನಲ್ಲಿ ಅವರು ಊರಿಗೆ ಬಂದಾಗ ಕ್ಯಾಸೆಟ್ಟು ಹಾಕಿಸಿಕೊಂಡು ನೋಡಿದರು. ನಾನೇ ಎಲ್ಲ ಹೇಳಿದೆ. ‘ಚೆನ್ನಾಗಿ ಬಂದಿದೆ, ಫೆಲಿ,’ ಎಂದು ಎದ್ದುಹೋಗಿ ಪಾತ್ರೆ ತೊಳೆದರು. ಪಾತ್ರೆಗಳನ್ನು ನಾನು ಆಗಲೇ ತೊಳೆದಿಟ್ಟಿದ್ದೆ.

ಮರಿಕೀನಾದಲ್ಲಿ ನಾನು ಲೆಂಗ್‌ಲೆಂಗಳ ಹತ್ತಿರ ಹೋದೆ, ಹೋಗಲಿಲ್ಲವೆಂದು ತಿಳಿಯಬೇಡ. ಮಂಡಿಯೂರಿಯೂ ಕೂತೆ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ದೊಡ್ಡತನಕ್ಕೆ ಹೇಳುತ್ತಿಲ್ಲ. ಕನಿಕರವೂ ಬಂದಿರಲಿಲ್ಲ, ನಾಚಿಕೆಯೂ ಬಂದಿರಲಿಲ್ಲ. ನಾಲಿಗೆ ಮರದ ತುಂಡಿನ ಹಾಗೆ ಬಿದ್ದಿತ್ತು. ಮಗು ನನ್ನ ಮುಖ ನೋಡಿ, ‘ದಿರೆಕ್, ನಿಮಗೆ ಬಾಯಾರಿಕೆನಾ?’ ಎಂದಿತು. ನನ್ನ ಸಹಾಯಕ ಬರ್ನಾರ್ದೊ ಹಿಂದಿನಿಂದ, ‘ನಾನು ಹೇಳ್ಲಾ ದಿರೆಕ್?’ ಎಂದ. ಹನ್ನೊಂದು ವರ್ಷದಿಂದ ನನ್ನ ಕೈಕೆಳಗೇ ಕೆಲಸ ಕಲಿತವನು. ಬೇಡವೆಂದೆ. ಮಗುವಿನ ಕೈಗೆ ಒಂದು ಬನ್ನು ಕೊಟ್ಟು, ಪೆಟ್ಟಿಗೆಯ ಪಕ್ಕ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂರಿಸಿ, ಅವಳು ತಿನ್ನುವುದನ್ನು ಹಿಂದಿನಿಂದ ತೆಗೆದು ಮನೆಗೆ ಬಂದೆ.

ಮರುದಿನ ಕಚೇರಿಯಿಂದ ಮ್ಯಾಡಮ್ ಎಡ್ನಾ ಫೋನು ಮಾಡಿದಳು. ಧಾರಾವಾಹಿಗಳೆಲ್ಲ ಅವಳ ಸುಪರ್ದಿನಲ್ಲಿವೆ. ‘ಫೆಲಿ, ಬೆನ್ನು ನೋಡಿ ಯಾರು ಅಳ್ತಾರೆ ಹೇಳು? ಕಣ್ಣೀರು ಎಲ್ಲಿ? ಇದನ್ನೆಲ್ಲ ಈ ಊರಿಗೆ ಕಲಿಸಿದವಳು ನೀನೇ ಅಲ್ವಾ? ನಾಳೆ ಮತ್ತೆ ತೆಗಿ,’ ಎಂದಳು.

‘ನನ್ನ ಕೈಲಿ ಆಗಲ್ಲ ಎಡ್ನಾ,’ ಎಂದೆ.

‘ಮೈ ಹುಷಾರಿಲ್ವಾ?’

‘ಹುಷಾರಾಗಿದೀನಿ.’

ಅವಳು, ‘ಸರಿ, ವಿಶ್ರಾಂತಿ ತಗೋ,’ ಎಂದು ಫೋನಿಟ್ಟಳು. ನಲವತ್ತು ವರ್ಷದ ಕಸುಬು ಅಷ್ಟರಲ್ಲಿ ಮುಗಿಯಿತು.

ಮುಂದಿನ ವಾರ ಅತ್ತೆಯ ಜೊತೆ ಕೂತು ಟೀವಿ ನೋಡಿದೆ. ಬರ್ನಾರ್ದೊ ಆ ದೃಶ್ಯವನ್ನು ಮತ್ತೆ ತೆಗೆದಿದ್ದ. ಲೆಂಗ್‌ಲೆಂಗ್ ಅತ್ತಳು. ಚೆನ್ನಾಗಿಯೇ ಅತ್ತಳು. ಅತ್ತೆ ತನ್ನ ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಮಾರನೆಯ ಭಾನುವಾರ ಬರ್ನಾರ್ದೊ ಪಾನ್ಸಿತ್ ನೂಡಲ್ಸ್ ಕಟ್ಟಿಸಿಕೊಂಡು ಮನೆಗೆ ಬಂದ, ಆಶೀರ್ವಾದಕ್ಕೆಂದು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡ, ಊಟ ಮಾಡಿ ಹೋದ. ಮಗುವಿಗೆ ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಈಗ ಬೆಳಿಗ್ಗೆ ಚರ್ಚಿಗೆ ಹೋಗುತ್ತೇನೆ, ಗಿಡಕ್ಕೆ ನೀರು ಹಾಕುತ್ತೇನೆ, ಮಧ್ಯಾಹ್ನ ಮಲಗುತ್ತೇನೆ. ನಿದ್ದೆ ಬರುತ್ತದೆ. ನನ್ನ ಬಗ್ಗೆ ಯೋಚನೆ ಮಾಡಬೇಡ. ಈ ಕಾಗದಕ್ಕೆ ಉತ್ತರ ಬರೆಯಲೇಬೇಕೆಂದೂ ಇಲ್ಲ. ಅಳಿಯಂದಿರಿಗೆ ನನ್ನ ನೆನಪುಗಳನ್ನು ತಿಳಿಸು. ಮಗುವಿಗೆ ಅವಳ ಅಜ್ಜಿಯ ಮುತ್ತು. ಮೇರಿ ತಾಯಿ ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನ್ನ ಮಗು ನಿನ್ನ ಮಾತನ್ನೆಲ್ಲ ನಂಬಿ ಬೆಳೆಯಲಿ.

ನಿನ್ನ
ಅಮ್ಮ

ಮರೆತಿದ್ದೆ: ಎರಡು ಸಾವಿರದ ಆರರಲ್ಲಿ ಬ್ರೆಜಿಲಿನ ಬಂದರಿನಿಂದ ನನಗೆ ಕರೆ ಬಂತಲ್ಲ, ನಿನ್ನಪ್ಪ ಎಂಜಿನ್ ಕೋಣೆಯಲ್ಲೇ ಎದೆ ಹಿಡಿದುಕೊಂಡು ಕುಸಿದರೆಂದು. ನಿನ್ನ ಕಾಲೇಜಿನ ಹಾಸ್ಟೆಲ್ಲಿಗೆ ಫೋನು ಮಾಡಿದವಳು ನಾನೇ. ‘ಅಪ್ಪ ಹೋಗ್ಬಿಟ್ರು ಕಣೆ,’ ಎಂದೆ. ನೀನು, ‘ಇದು ಯಾವ ಸೀನಿಗೆ, ಅಮ್ಮ?’ ಎಂದು ಕೇಳಿದೆ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದೆ. ದನಿಯ ವಿಷಯದಲ್ಲಿ ನನ್ನ ಕಿವಿ ತಪ್ಪುವುದಿಲ್ಲ. ರಿಸೀವರನ್ನು ಆಗ ಪಕ್ಕದಲ್ಲಿದ್ದ ಲೂಡಿಂಗ್ ಅತ್ತೆಯ ಕೈಗೆ ಕೊಟ್ಟೆ. ಅವಳು ಹೇಳಿದ ಮೇಲೆ ನೀನು ನಂಬಿದೆ.