ಹಳೆಯ ಹಟ್ಟಿಯ ಹುಲ್ಲು

ಮಾರಾ ನದಿಯ ದಡದಿಂದ

ಮಗನೇ ಕೊಯ್ನೆಟ್,

ವನ್ಯಜೀವಿ ಸಮಿತಿಯ ಅಧ್ಯಕ್ಷನಿಗೆ ಅವನ ತಾಯಿಯ ಆಶೀರ್ವಾದ. ನಮ್ಮ ಮೇವಿನ ನೆಲವನ್ನು ಆನೆ, ಸಿಂಹಗಳಿಗೆ ಬಿಡೋಣವೆಂದು ನೀನು ಕೇಳಿದಾಗ ಮೊದಲು ಒಪ್ಪಿ ತಲೆಯಾಡಿಸಿದವಳು ನಾನು. ಕೈಯಾರೆ ಸಗಣಿ ಮೆತ್ತಿ ಕಟ್ಟಿದ ಮನೆಯನ್ನು ಕೈಯಾರೆ ಕೆಡವಿ ಬಂದೆ. ಈಗ ನಮ್ಮ ಹಟ್ಟಿಯಿದ್ದ ಜಾಗದಲ್ಲೇ ಹುಲ್ಲು ಎಲ್ಲಕ್ಕಿಂತ ಹಸಿರಾಗಿದೆ, ಜೀಬ್ರಾಗಳು ಮೇಯುತ್ತಿವೆ.

"ಪ್ರವಾಸಿಗರು ಕೇಳಿದ್ರೆ ಕಾಡಿನ ಮಹಿಮೆ ಅಂತೀನಜ್ಜಿ," ಅಂದ ನಿನ್ನ ಕಾವಲುಗಾರ.

"ನಮ್ಮ ದನದ ಸಗಣಿ ಕಣೋ, ದಡ್ಡ," ಅಂದೆ.

ಒಂದು ಕೋರಿಕೆಯಿದೆ. ನಮ್ಮ ಮುದಿ ಹಸು, ಕಟ್ಟಿಹಾಕಿದರೂ, ಸಂಜೆಯಾದರೆ ಅಲ್ಲಿಗೇ ಹೋಗುತ್ತದೆ. ಅದನ್ನು ಹೊಡೆಯಬೇಡಿರೆಂದು ಕಾವಲಿನವರಿಗೆ ಹೇಳು. ಕರೆತರಲು ನಾನು ಹೋದಾಗ ಒಳಗೆ ಬಿಡಲಿ.

ಹಗ್ಗ ಬಿಚ್ಚುವವಳು ನಾನೇ ಎಂದು ಮಾತ್ರ ಅವರಿಗೆ ಹೇಳಬೇಡ.

ನಿನ್ನ ತಾಯಿ,
ನಾಸಿಯೆಕು